ಗೇಟಿನೆದುರು ಯಾರದೋ ಕಾರು: ಬಡಾವಣೆ ಸಂಘಗಳ ಪ್ರಶ್ನೆಗಳಿಗೆ ಉತ್ತರ

ಪಾರ್ಕಿಂಗ್, ರಸ್ತೆ ಅಗಲೀಕರಣ, ಹಂಪ್ಸ್, ವಾರ್ಡ್ ಸಮಿತಿಗಳ ಬಗ್ಗೆ ಮಂಗಳೂರು ಮತ್ತು ಉಡುಪಿಯ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಹಲವರಿಗೆ ಉಪಯೋಗವಾಗುವಂಥವನ್ನು ಈ ಸಂಚಿಕೆಗೆ ಆರಿಸಿದ್ದೇವೆ.

ಪ್ರಶ್ನೆ: ಬಿಜೈ ಕಾಪಿಕಾಡಿನ ಅಡ್ಡರಸ್ತೆಯೊಂದರಲ್ಲಿ ನಮ್ಮ ಮನೆಗಳಿವೆ. ಮುಖ್ಯರಸ್ತೆಯ ತುದಿಯಲ್ಲಿ ಕ್ಲಿನಿಕ್, ಲ್ಯಾಬ್, ಒಂದು ಹಾಲ್ ಬಂದ ಮೇಲೆ ರಸ್ತೆಯ ಎರಡೂ ಬದಿ ಕಾರುಗಳು ನಿಲ್ಲುತ್ತವೆ. ಆಂಬುಲೆನ್ಸ್ ಒಳಗೆ ಬರುವುದಿಲ್ಲ. ಸಂಘದಿಂದ ‘ನೋ ಪಾರ್ಕಿಂಗ್’ ಬೋರ್ಡ್ ಹಾಕಿದೆವು, ಮೂರು ಸಲ ಮನವಿಯನ್ನೂ ಕೊಟ್ಟೆವು. ಏನೂ ಆಗಲಿಲ್ಲ. ಮುಂದೇನು ಮಾಡಬೇಕು?

ಉತ್ತರ: ಸಂಘ ಹಾಕಿದ ಬೋರ್ಡಿಗೆ ಕಾನೂನಿನ ಬಲವಿಲ್ಲ. ಒಂದು ರಸ್ತೆಯಲ್ಲಿ ವಾಹನ ನಿಲುಗಡೆ ನಿಷೇಧವಾಗಬೇಕಾದರೆ ಮೋಟಾರು ವಾಹನ ಕಾಯ್ದೆ 1988ರ ಕಲಂ 115ರಿಂದ 117 ಮತ್ತು ಕರ್ನಾಟಕ ಮೋಟಾರು ವಾಹನ ನಿಯಮಗಳು 1989ರ ನಿಯಮ 221-ಎ ಅಡಿಯಲ್ಲಿ ಅಧಿಸೂಚನೆ ಹೊರಡಬೇಕು. ಮಂಗಳೂರು ನಗರದಲ್ಲಿ ಅದನ್ನು ಹೊರಡಿಸುವವರು ಪೊಲೀಸ್ ಆಯುಕ್ತರು. ಗೇಟಿಗೆ ಅಡ್ಡ ನಿಲ್ಲಿಸಿದ ಕಾರಿನ ಮೇಲೆ, ಅಪಾಯವಾಗುವ ಜಾಗದಲ್ಲಿ ಬಿಟ್ಟುಹೋದ ವಾಹನದ ಮೇಲೆ (ಕಲಂ 122) ಅಧಿಸೂಚನೆ ಇಲ್ಲದೆಯೂ ಕೇಸು ಹಾಕಬಹುದು. ಆದರೆ ದಿನವೂ ನಿಲ್ಲುವ ಸಾಲುಸಾಲು ಕಾರುಗಳನ್ನು ತೆರವು ಮಾಡಿಸಲು ಅಷ್ಟು ಸಾಲದು. ಆದ್ದರಿಂದ ನಿಮ್ಮ ಮನವಿ ‘ಸೂಕ್ತ ಕ್ರಮ ಕೈಗೊಳ್ಳಿ’ ಎಂದು ಮುಗಿಯಬಾರದು, ಅಧಿಸೂಚನೆ ಬೇಕು ಎಂದೇ ಕೇಳಬೇಕು. ‘ಸೂಕ್ತ ಕ್ರಮ’ ಎಂಬ ಮನವಿಗೆ ಸಂಚಾರ ಠಾಣೆಯಿಂದ ಒಬ್ಬರು ಬಂದು ಒಂದು ಬೆಳಿಗ್ಗೆ ನಾಲ್ಕು ಕಾರು ಸರಿಸಿದರೆ ಕಡತ ಮುಗಿಯುತ್ತದೆ. ಮರುದಿನ ಮತ್ತೆ ಮೊದಲಿನಂತೆಯೇ.

ಮನವಿ ಬರೆಯುವ ಮೊದಲು ಟೇಪ್ ಹಿಡಿಯಿರಿ. 30 ಮೀಟರ್ ಟೇಪ್ ಸಾಕು. ಪ್ರತಿ 20 ಮೀಟರಿಗೆ ಒಂದು ಸಲ ಮೂರು ಅಳತೆ ಬರೆದುಕೊಳ್ಳಿ: ಡಾಮರು ಅಥವಾ ಕಾಂಕ್ರೀಟಿನ ಅಂಚಿನಿಂದ ಅಂಚಿಗೆ, ಚರಂಡಿ ಚಪ್ಪಡಿಯ ಅಗಲ, ಕಾಂಪೌಂಡಿನಿಂದ ಕಾಂಪೌಂಡಿಗೆ. ವಿದ್ಯುತ್ ಕಂಬ, ಟ್ರಾನ್ಸ್‌ಫಾರ್ಮರ್, ರಸ್ತೆಗೆ ಚಾಚಿದ ಮೆಟ್ಟಿಲು, ಗೇಟಿನ ಇಳಿಜಾರು ಎಲ್ಲವನ್ನೂ ಗುರುತು ಮಾಡಿ. ನಿಂತ ಕಾರು ಕನ್ನಡಿಗಳೂ ಸೇರಿ ಸುಮಾರು 2 ಮೀಟರ್ ಜಾಗ ತಿನ್ನುತ್ತದೆ. ಡಾಮರಿನ ಅಗಲ 5.5 ಮೀಟರ್ ಇದ್ದರೆ ಒಂದು ಬದಿಯ ಪಾರ್ಕಿಂಗ್ ಕಳೆದು 3.5 ಮೀಟರ್ ಉಳಿಯಿತು. ಅಗ್ನಿಶಾಮಕ ವಾಹನವೇ ಸುಮಾರು 2.5 ಮೀಟರ್ ಅಗಲ ಇರುವುದರಿಂದ ಇದಕ್ಕಿಂತ ಕಡಿಮೆ ಮಾಡುವಂತಿಲ್ಲ. ಎರಡೂ ಬದಿ ನಿಂತರೆ ಉಳಿಯುವುದು 1.5 ಮೀಟರ್, ಸ್ಕೂಟರಿಗೆ ಮಾತ್ರ. ಈ ಲೆಕ್ಕ ಮನವಿಯ ಮೊದಲ ಪುಟದಲ್ಲೇ ಇರಲಿ. ಅಧಿಕಾರಿಗೆ ಸ್ಥಳಕ್ಕೆ ಬರುವ ಮೊದಲೇ ವಿಷಯ ಅರ್ಥವಾಗುತ್ತದೆ.

ಆಮೇಲೆ ಎಣಿಕೆ. ಒಂದು ವಾರದ ದಿನ, ಒಂದು ಶನಿವಾರ, ಹಾಲಿನಲ್ಲಿ ಮದುವೆ ಇರುವ ಒಂದು ಭಾನುವಾರ, ಹೀಗೆ ಮೂರು ದಿನ ಬೆಳಿಗ್ಗೆ 6.30, 11, ಸಂಜೆ 4 ಮತ್ತು ರಾತ್ರಿ 8ಕ್ಕೆ ನಡೆದು ಹೋಗಿ ನಿಂತ ಪ್ರತಿ ವಾಹನದ ಕೊನೆಯ ನಾಲ್ಕು ಅಂಕಿ, ಅದು ನಿಂತ ಬದಿ, ಹತ್ತಿರದ ಮನೆ ಸಂಖ್ಯೆ ಬರೆಯಿರಿ. ಬೆಳಿಗ್ಗೆ 6.30ಕ್ಕೂ ರಾತ್ರಿ 8ಕ್ಕೂ ಸಿಗುವ ನಂಬರು ಓಣಿಯವರದ್ದು. 11ಕ್ಕೆ ಮಾತ್ರ ಸಿಗುವುದು ಕ್ಲಿನಿಕ್ಕಿಗೋ ಲ್ಯಾಬಿಗೋ ಬಂದವರದ್ದು. ಇಲ್ಲಿ ಸಂಘದವರು ಗಟ್ಟಿ ಮನಸ್ಸು ಮಾಡಬೇಕು. ಬೆಳಿಗ್ಗೆ ಆರೂವರೆಗೆ ರಸ್ತೆಯಲ್ಲಿರುವ ಕಾರುಗಳಲ್ಲಿ ನಮ್ಮ ಸದಸ್ಯರದ್ದೇ ಎಷ್ಟು ಎಂಬುದು ಈ ಪಟ್ಟಿಯಲ್ಲಿ ಬಯಲಾಗುತ್ತದೆ. ನಿಷೇಧ ಬಂದ ದಿನ ಮೊದಲ ದಂಡ ಬೀಳುವುದು ಅವರಿಗೇ. ಆದ್ದರಿಂದ ಪಟ್ಟಿಯನ್ನು ಸಾಮಾನ್ಯ ಸಭೆಯಲ್ಲಿ ಇಟ್ಟು, ಕಾಂಪೌಂಡಿನೊಳಗೆ ಜಾಗ ಇದ್ದೂ ಹೊರಗೆ ನಿಲ್ಲಿಸುವವರು ಒಳಗೆ ನಿಲ್ಲಿಸುವುದೆಂದು ನಿರ್ಣಯ ಮಾಡಿಸಿಕೊಂಡ ಮೇಲೆ ಹೊರಗಿನವರ ವಿಷಯಕ್ಕೆ ಹೋಗಿ. ಈ ಹಂತ ತಪ್ಪಿಸಿದ ಸಂಘಗಳಲ್ಲಿ ಬೋರ್ಡು ಬಂದ ವಾರದಲ್ಲೇ ಸದಸ್ಯರೇ ಪ್ರತಿಮನವಿ ಕೊಡುತ್ತಾರೆ.

ಯಾವ ಬದಿಯನ್ನು ಪಾರ್ಕಿಂಗಿಗೆ ಬಿಟ್ಟುಕೊಡಬೇಕು ಎಂಬುದಕ್ಕೂ ಲೆಕ್ಕವಿದೆ. ಕಂಬಗಳಿರುವ ಬದಿ ಬಿಡುವುದು ಉತ್ತಮ, ಏಕೆಂದರೆ ಅಲ್ಲಿ ಕಂಬ ಹೇಗೂ ಅಗಲ ತಿಂದಾಗಿದೆ. ಗೇಟುಗಳು ಕಡಿಮೆ ಇರುವ ಬದಿಯಾದರೆ ಇನ್ನೂ ಒಳ್ಳೆಯದು. ಚರಂಡಿ ಚಪ್ಪಡಿಯ ಮೇಲೆ ಚಕ್ರ ಹತ್ತುವ ಬದಿ ಬೇಡ. ನಡೆಯಲೆಂದು ಹಾಕಿದ ತೆಳು ಚಪ್ಪಡಿ ಒಂದು ಮಳೆಗಾಲದೊಳಗೆ ಒಡೆದು, ಮೇಲೆ ನೀರು ನಿಂತಾಗ ಗುಂಡಿ ಕಾಣದೆ ಜನ ಬೀಳುತ್ತಾರೆ. ತಿರುವಿನ ಎರಡೂ ಕಡೆ 10 ಮೀಟರ್ ಪೂರ್ತಿ ಖಾಲಿ ಇರಲಿ, ಉದ್ದದ ವಾಹನ ತಿರುಗಲು ನೇರ ರಸ್ತೆಗಿಂತ ಹೆಚ್ಚು ಜಾಗ ಬೇಕು. ಸಮ ದಿನಾಂಕಕ್ಕೆ ಒಂದು ಬದಿ, ಬೆಸ ದಿನಾಂಕಕ್ಕೆ ಇನ್ನೊಂದು ಎಂಬ ವ್ಯವಸ್ಥೆಯನ್ನು ಒಳರಸ್ತೆಗೆ ಕೇಳಬೇಡಿ. ದಿನ ಬದಲಾಗುವ ಹೊತ್ತಿಗೆ ಎರಡೂ ಬದಿ ತುಂಬಿರುತ್ತದೆ, ರಾತ್ರಿ ಅದನ್ನು ನೋಡಲು ಯಾರೂ ಇರುವುದಿಲ್ಲ.

ಮನವಿ ಪೊಲೀಸ್ ಆಯುಕ್ತರಿಗೆ, ಪ್ರತಿಗಳು ಸಂಚಾರ ವಿಭಾಗದ ಎಸಿಪಿ, ನಿಮ್ಮ ವ್ಯಾಪ್ತಿಯ ಸಂಚಾರ ಠಾಣೆಯ ಇನ್‌ಸ್ಪೆಕ್ಟರ್ ಮತ್ತು ಪಾಲಿಕೆ ಆಯುಕ್ತರಿಗೆ. ಜೊತೆಗೆ ಕೈಯಲ್ಲಿ ಬರೆದ ನಕ್ಷೆಯಾದರೂ ಸರಿ, ಎಣಿಕೆಯ ಪಟ್ಟಿ, ದಿನಾಂಕ ಇರುವ ಆರೇಳು ಫೋಟೊ, ಸಭೆಯ ನಿರ್ಣಯ. ಬೇಡಿಕೆ ಒಂದೇ ವಾಕ್ಯ: ‘ಮುಖ್ಯರಸ್ತೆ ಸೇರುವಲ್ಲಿಂದ ಇಂಥ ಮನೆಯವರೆಗೆ ಇಷ್ಟು ಮೀಟರ್ ಉದ್ದಕ್ಕೆ, ಎಡಬದಿಯಲ್ಲಿ, ಬೆಳಿಗ್ಗೆ 8ರಿಂದ ರಾತ್ರಿ 9ರವರೆಗೆ ವಾಹನ ನಿಲುಗಡೆ ನಿಷೇಧಿಸಬೇಕು.’ ಮುದ್ರೆ ಹಾಕಿದ ಸ್ವೀಕೃತಿ ಪ್ರತಿ ಇಲ್ಲದೆ ವಾಪಸು ಬರಬೇಡಿ. ಅಧಿಸೂಚನೆಯಾದ ಮೇಲೆ ಬೋರ್ಡಿಗೆ ಹಣವಿಲ್ಲ ಎಂಬ ಮಾತು ಬಂದರೆ ಅನುಮತಿ ಪಡೆದು ಸಂಘವೇ ಖರ್ಚು ಕೊಡಬಹುದು, ಆದರೆ ಬೋರ್ಡಿನಲ್ಲಿ ಅಧಿಸೂಚನೆಯ ಸಂಖ್ಯೆ, ದಿನಾಂಕ ಇರಲೇಬೇಕು. ದಂಡ ಬಿದ್ದವರು ಮೊದಲು ಕೇಳುವುದೇ ಅದನ್ನು.

ಇಷ್ಟರೊಳಗೆ ಯಾರಾದರೂ ಕೆಂಪುಕಲ್ಲು, ಹೂಕುಂಡ, ಸರಪಳಿ ಇಟ್ಟು ಜಾಗ ಹಿಡಿದಿದ್ದರೆ ತೆಗೆಸಿ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡುವುದು ಭಾರತೀಯ ನ್ಯಾಯ ಸಂಹಿತೆ 2023ರ ಕಲಂ 285ರಡಿ ಅಪರಾಧ, 5,000 ರೂಪಾಯಿವರೆಗೆ ದಂಡವಿದೆ. ಟಯರಿನ ಗಾಳಿ ಬಿಡುವ ಯೋಚನೆಯೂ ಬೇಡ. ದೂರು ಕೊಟ್ಟವರೇ ಆರೋಪಿಗಳಾದರೆ ಮನವಿಯ ತೂಕ ಅಲ್ಲಿಗೇ ಹೋಯಿತು.

ಪ್ರಶ್ನೆ: ಕೊಡಿಯಾಲಬೈಲಿನ ನಮ್ಮ ಪಕ್ಕದ ವಾಣಿಜ್ಯ ಕಟ್ಟಡದ ನೆಲಮಾಳಿಗೆಯಲ್ಲಿ ಗೋಡೌನ್ ಮಾಡಿದ್ದಾರೆ. ಗ್ರಾಹಕರ ಕಾರುಗಳೆಲ್ಲ ನಮ್ಮ ರಸ್ತೆಯಲ್ಲಿ. ಅದು ಪಾರ್ಕಿಂಗ್ ಜಾಗವೇ ಆಗಿತ್ತೆಂದು ಸಾಬೀತು ಮಾಡುವುದು ಹೇಗೆ?

ಉತ್ತರ: ಅನುಮೋದಿತ ನಕ್ಷೆಯೇ ಸಾಕ್ಷಿ. ಪಾಲಿಕೆಯ ನಗರ ಯೋಜನಾ ವಿಭಾಗದ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕು ಕಾಯ್ದೆ 2005ರಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಕಟ್ಟಡದ ಡೋರ್ ನಂಬರ್ ಕೊಟ್ಟು ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿ ಮತ್ತು ವಾಸಯೋಗ್ಯ ಪ್ರಮಾಣಪತ್ರದ ಪ್ರತಿ ಕೇಳಿ. ‘ಏಕೆ ಕ್ರಮ ಕೈಗೊಂಡಿಲ್ಲ’ ಎಂದು ಕೇಳಬೇಡಿ, ಅದು ದಾಖಲೆಯಲ್ಲ, ಉತ್ತರವೂ ಬರುವುದಿಲ್ಲ. ನೆಲಮಾಳಿಗೆಯ ಅಂಗಡಿಗಳ ಉದ್ದಿಮೆ ಪರವಾನಗಿಗೆ ಬೇರೆ ಅರ್ಜಿ ಹಾಕಿ. ಉತ್ತರಕ್ಕೆ 30 ದಿನ, ಕಟ್ಟಡದ ಮಾಲೀಕರನ್ನು ಮೂರನೇ ವ್ಯಕ್ತಿ ಎಂದು ಪರಿಗಣಿಸಿ ನೋಟಿಸ್ ಕೊಟ್ಟರೆ 40 ದಿನ. ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ.

ನಕ್ಷೆ ಸಿಕ್ಕಿದ ಮೇಲೆ ಗೆರೆ ಹಾಕಿ ತೋರಿಸಿದ ಕಾರಿನ ಜಾಗಗಳನ್ನು ಎಣಿಸಿ, ಈಗ ಅಲ್ಲಿ ಏನಿದೆ ಎಂಬುದರ ಜೊತೆ ಹೋಲಿಸಿದ ಒಂದು ಪುಟದ ಪಟ್ಟಿ ಮಾಡಿ ಪಾಲಿಕೆ ಆಯುಕ್ತರಿಗೆ ದೂರು ಕೊಡಿ. ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ 1976ರ ಕಲಂ 321ರಡಿ ಆಯುಕ್ತರು ಮೊದಲು ತಾತ್ಕಾಲಿಕ ಆದೇಶ, ಮಾಲೀಕರ ವಿವರಣೆ ಕೇಳಿ ಆಮೇಲೆ ದೃಢೀಕರಣ ಆದೇಶ ಮಾಡುತ್ತಾರೆ. ಎಷ್ಟೋ ದೂರುಗಳು ಮೊದಲ ಆದೇಶದಲ್ಲೇ ನಿಲ್ಲುತ್ತವೆ. ನೋಟಿಸ್ ಹೋಯಿತು ಎಂದು ಸಂಘ ಸುಮ್ಮನಾಗುವುದೇ ಅದಕ್ಕೆ ಕಾರಣ. ದೃಢೀಕರಣ ಆದೇಶದ ಪ್ರತಿ ಕೈಗೆ ಬರುವವರೆಗೆ ತಿಂಗಳಿಗೊಂದು ಪತ್ರ ಬರೆಯುತ್ತಿರಿ. ಉದ್ದಿಮೆ ಪರವಾನಗಿ ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ. ಜನವರಿ ಫೆಬ್ರವರಿಯಲ್ಲಿ ಕೊಟ್ಟ ಆಕ್ಷೇಪಕ್ಕೆ ಏಪ್ರಿಲಿನ ದೂರಿಗಿಂತ ಹೆಚ್ಚು ಫಲವಿದೆ.

ಇನ್ನೊಂದು ಸಂಗತಿ ನೋಡಿ. ನಮ್ಮಲ್ಲಿ ಮುರಕಲ್ಲಿನ ನೆಲ, ಮಳೆಗಾಲದಲ್ಲಿ ಗೋಡೆಯಿಂದಲೇ ನೀರು ಒಸರುತ್ತದೆ. ಪಂಪ್ ಕೆಟ್ಟಿತೆಂದೋ, ಇಳಿಜಾರು ತೀರಾ ಕಡಿದಾಗಿದೆಯೆಂದೋ ಕಾರು ಇಳಿಸುವುದು ನಿಲ್ಲಿಸಿ, ಆಮೇಲೆ ಮೆಲ್ಲನೆ ಸಾಮಾನು ತುಂಬಿದ ನೆಲಮಾಳಿಗೆಗಳು ಹಲವು. ಅಂಥಲ್ಲಿ ಗೋಡೌನ್ ಖಾಲಿ ಮಾಡಿಸಿದರೂ ಕಾರು ಒಳಗೆ ಹೋಗುವುದಿಲ್ಲ. ನೀರು ಒಂದು ಸಂಗ್ರಹ ಗುಂಡಿಗೆ ಹೋಗಿ ಪಂಪ್ ತಾನಾಗಿ ಚಾಲೂ ಆಗುವ ವ್ಯವಸ್ಥೆ, ಕೆಳಗೆ ಬೆಳಕು, ಇಳಿಯುವ ಬಾಯಿಯಲ್ಲಿ ‘ಗ್ರಾಹಕರ ಪಾರ್ಕಿಂಗ್ ಕೆಳಗೆ’ ಎಂಬ ಬೋರ್ಡ್, ಈ ಮೂರನ್ನೂ ದೂರಿನಲ್ಲಿ ಸೇರಿಸಿ.

ಪ್ರಶ್ನೆ: ಪದವಿನಂಗಡಿ ಕಡೆಯ ನಮ್ಮ ಒಳರಸ್ತೆಯಲ್ಲಿ ಬೈಕುಗಳ ವೇಗ ಜಾಸ್ತಿ. ಮನೆಯವರೆಲ್ಲ ಹಣ ಹಾಕಿ ಹಂಪ್ಸ್ ಮಾಡಿಸಬಹುದೆ?

ಉತ್ತರ: ಸ್ವಂತಕ್ಕೆ ಮಾಡಿಸಬೇಡಿ. ರಸ್ತೆ ಪಾಲಿಕೆಯದ್ದೋ, ಲೋಕೋಪಯೋಗಿ ಇಲಾಖೆಯದ್ದೋ ಎಂದು ತಿಳಿದು, ಆ ಇಲಾಖೆಗೂ ಸಂಚಾರ ಪೊಲೀಸರಿಗೂ ಅರ್ಜಿ ಕೊಡಬೇಕು. ಅನುಮತಿಯಿಲ್ಲದ ಹಂಪ್ಸ್‌ನಲ್ಲಿ ಯಾರಾದರೂ ಬಿದ್ದರೆ ಹೊಣೆ ಮಾಡಿಸಿದವರ ತಲೆಗೆ ಬರುತ್ತದೆ.

ಅಳತೆ ಗೊತ್ತಿರಲಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಐಆರ್‌ಸಿ 99ರ ಪ್ರಕಾರ ದುಂಡನೆಯ ಉಬ್ಬು ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ, ನಡುವೆ 10 ಸೆಂಟಿಮೀಟರ್ ಎತ್ತರ. ಇದನ್ನು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ತೊಂದರೆಯಿಲ್ಲದೆ ದಾಟಬಹುದು, ಅದಕ್ಕಿಂತ ವೇಗವಾಗಿ ಹೋದವರಿಗೆ ಮಾತ್ರ ಕುಲುಕು. ನಮ್ಮ ಒಳರಸ್ತೆಗಳಲ್ಲಿ ಕಾಣುವ ಅರ್ಧ ಮೀಟರ್ ಉದ್ದ, 15 ಸೆಂಟಿಮೀಟರ್ ಎತ್ತರದ ದಿಬ್ಬಗಳು ಇದಕ್ಕೆ ತದ್ವಿರುದ್ಧ. ನಿಧಾನವಾಗಿ ಹೋಗುವ ರಿಕ್ಷಾದಲ್ಲಿರುವ ಗರ್ಭಿಣಿಗೆ, ಬೆನ್ನುನೋವಿನ ಹಿರಿಯರಿಗೆ ಪೆಟ್ಟು, ವೇಗದ ಬೈಕಿನವನು ಹಾರಿಸಿಕೊಂಡು ಹೋಗುತ್ತಾನೆ. ಉಬ್ಬಿಗೆ ಕಪ್ಪು ಬಿಳಿ ಪಟ್ಟೆ, 40 ಮೀಟರ್ ಮೊದಲೇ ಎಚ್ಚರಿಕೆ ಫಲಕ ಬೇಕು. ಒಳರಸ್ತೆ ಮುಖ್ಯರಸ್ತೆಗೆ ಸೇರುವಲ್ಲಾದರೆ ಒಳರಸ್ತೆಯ ಮೇಲೆ, ಮುಖ್ಯರಸ್ತೆಯ ಅಂಚಿನಿಂದ ಸುಮಾರು 5 ಮೀಟರ್ ಹಿಂದೆ. ಸಾಲಾಗಿ ಹಾಕುವುದಿದ್ದರೆ 100ರಿಂದ 120 ಮೀಟರ್ ಅಂತರ.

ಕಾಂಕ್ರೀಟ್ ರಸ್ತೆಯ ಮೇಲೆ ಡಾಮರಿನ ಉಬ್ಬು ಹಾಕುವಾಗ ಮೇಲ್ಮೈ ಗುದ್ದಿ ಒರಟು ಮಾಡಿ, ಧೂಳು ತೆಗೆದು, ಅಂಟಿನ ಡಾಮರು ಬಳಿಯದಿದ್ದರೆ ಜುಲೈಯ ಮಳೆಗೆ ಹೋಳುಹೋಳಾಗಿ ಎದ್ದುಹೋಗುತ್ತದೆ. ಗುಡ್ಡೆಯ ಇಳಿಜಾರಿನಲ್ಲಿ, ತಿರುವಿನಲ್ಲಿ ಉಬ್ಬು ಬೇಡವೇ ಬೇಡ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದವರು ಜಾರುತ್ತಾರೆ. ಹರಿಯುವ ನೀರಿಗೆ ಉಬ್ಬು ಅಡ್ಡ ನಿಂತರೆ ಮೇಲಿನ ಬದಿಯಲ್ಲಿ ಕೆರೆಯಾಗುತ್ತದೆ. ಅಂಚಿನಲ್ಲಿ ಸಂದು ಬಿಟ್ಟರೆ ಸ್ಕೂಟರುಗಳು ಅಲ್ಲೇ ನುಗ್ಗಿ ಚರಂಡಿಗೆ ಬೀಳುತ್ತವೆ. ಆದ್ದರಿಂದ ಉಬ್ಬಿನ ತುಸು ಮೊದಲೇ ನೀರು ಚರಂಡಿಗಿಳಿಯುವ ಜಾಲರಿ ಹಾಕಿಸಿ.

ಇದೆಲ್ಲಕ್ಕೂ ಮೊದಲು ವೇಗದ ಬೈಕುಗಳು ಯಾವ ಹೊತ್ತಿಗೆ ಬರುತ್ತವೆ ನೋಡಿ. ಬೆಳಿಗ್ಗೆ 8ರಿಂದ 9.30, ಸಂಜೆ 5ರಿಂದ 7 ಮಾತ್ರವಾದರೆ ಮುಖ್ಯರಸ್ತೆಯ ದಟ್ಟಣೆ ತಪ್ಪಿಸಲು ನಿಮ್ಮ ರಸ್ತೆಯನ್ನು ಒಳದಾರಿ ಮಾಡಿಕೊಂಡಿದ್ದಾರೆ ಎಂದರ್ಥ. ಆಗ ರಸ್ತೆಯ ಬಾಯಿಯನ್ನು ಕರ್ಬ್ ಕಲ್ಲಿನಿಂದ ಕಿರಿದು ಮಾಡಿಸುವುದು, ತಿರುವಿನ ಪೊದೆ ಕಡಿಸುವುದು ಹಂಪ್ಸ್‌ಗಿಂತ ಒಳ್ಳೆಯದು. ಏಕಮುಖ ಸಂಚಾರ ಕೇಳುವವರಿಗೆ ಒಂದು ಎಚ್ಚರಿಕೆ: ಎದುರಿನಿಂದ ವಾಹನ ಬರುವುದಿಲ್ಲ ಎಂದು ಗೊತ್ತಾದ ಕೂಡಲೇ ವೇಗ ಏರುತ್ತದೆ.

ಪ್ರಶ್ನೆ: ನಮ್ಮ ಸಂಘ ನೋಂದಣಿಯಾಗಿಲ್ಲ. ಮನವಿಗೆ ಬೆಲೆ ಇದೆಯೆ? (ಅತ್ತಾವರ)

ಉತ್ತರ: ಮನವಿ ಯಾರೂ ಕೊಡಬಹುದು. ಆದರೆ ಬ್ಯಾಂಕ್ ಖಾತೆ, ನ್ಯಾಯಾಲಯ, ವಾರ್ಡ್ ಸಮಿತಿಯ ಪ್ರಾತಿನಿಧ್ಯ ಇವಕ್ಕೆಲ್ಲ ನೋಂದಣಿ ಬೇಕಾಗುತ್ತದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ಕನಿಷ್ಠ 7 ಮಂದಿ ಸಾಕು. ನೋಂದಣಿಗಿಂತ ಕಷ್ಟದ ಕೆಲಸ ಅದನ್ನು ಜೀವಂತ ಇಡುವುದು. ಪ್ರತಿ ವರ್ಷ ಮಹಾಸಭೆ ನಡೆಸಿ ಪದಾಧಿಕಾರಿಗಳ ಪಟ್ಟಿ, ಲೆಕ್ಕಪರಿಶೋಧಿತ ಲೆಕ್ಕಪತ್ರ ಸಲ್ಲಿಸದೆ ಮೂರ್ನಾಲ್ಕು ವರ್ಷ ಬಿಟ್ಟರೆ ಎಲ್ಲಕ್ಕೂ ದಂಡ ಕಟ್ಟಿ ಸರಿ ಮಾಡಬೇಕು.

ಪ್ರಶ್ನೆ: ದೇರೆಬೈಲಿನ ನಮ್ಮ ರಸ್ತೆ ಅಗಲ ಮಾಡುತ್ತೇವೆ, ಕಾಂಪೌಂಡ್ ಹಿಂದೆ ಸರಿಸಿ ಎಂದು ಬಾಯಿಮಾತಿನಲ್ಲಿ ಹೇಳಿ ಹೋಗಿದ್ದಾರೆ. ಕೆಲವರು ಒಪ್ಪಿದ್ದಾರೆ, ಕೆಲವರು ಇಲ್ಲ. ಸಂಘ ಏನು ನಿಲುವು ತಾಳಬೇಕು?

ಉತ್ತರ: ಅಗಲೀಕರಣಕ್ಕೆ ವಿರೋಧ ಬೇಡ, ಬಾಯಿಮಾತಿಗೆ ಗೋಡೆ ಒಡೆಯುವುದೂ ಬೇಡ. ನಗರದ ಮಹಾ ಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ನಿಮ್ಮ ರಸ್ತೆಗೆ ಎಷ್ಟು ಅಗಲ ತೋರಿಸಿದೆ ಎಂಬುದನ್ನು ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರದಿಂದ (ಮುಡಾ) ಬರಹದಲ್ಲಿ ಪಡೆಯಿರಿ. ಪಾಲಿಕೆಯಿಂದ ಪ್ರತಿ ಮನೆಯ ಎಷ್ಟು ಸೆಂಟ್ಸ್ ಹೋಗುತ್ತದೆ ಎಂಬ ಸರ್ವೆ ನಕ್ಷೆ ಕೇಳಿ. ಜಾಗ ಬಿಟ್ಟುಕೊಡುವವರಿಗೆ ಹಣದ ಬದಲು ಅಭಿವೃದ್ಧಿ ಹಕ್ಕು, ಅಂದರೆ ಟಿಡಿಆರ್ (ಹೆಚ್ಚುವರಿಯಾಗಿ ಕಟ್ಟಲು ಬಳಸಬಹುದಾದ ಅಥವಾ ಬೇರೆಯವರಿಗೆ ಮಾರಬಹುದಾದ ಹಕ್ಕು), ಕೊಡಲು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಕಲಂ 14-ಬಿ ಅವಕಾಶ ಕೊಡುತ್ತದೆ. ಅದಕ್ಕೆ ಜಾಗವನ್ನು ದಾಖಲೆ ಮೂಲಕ ಬಿಟ್ಟುಕೊಟ್ಟಿರಬೇಕು. ದಾಖಲೆಯಿಲ್ಲದೆ ಗೋಡೆ ಸರಿಸಿದವರಿಗೆ ಆಮೇಲೆ ಕೇಳಲು ಕಾಗದವೇ ಇರುವುದಿಲ್ಲ.

ಸಂಘದ ನಿಜವಾದ ಕೆಲಸ ಕಾಮಗಾರಿಯ ಕ್ರಮದ ಮೇಲೆ ಕಣ್ಣಿಡುವುದು. ಮೊದಲು ಚರಂಡಿ, ಆಮೇಲೆ ಮೆಸ್ಕಾಂ ಕಂಬಗಳ ಸ್ಥಳಾಂತರ, ನೀರಿನ ಮತ್ತು ಒಳಚರಂಡಿ ಪೈಪು, ಕೇಬಲಿಗೆ ಖಾಲಿ ಕೊಳವೆ, ಕೊನೆಗೆ ಕಾಂಕ್ರೀಟ್. ಕಂಬ ಸರಿಸಲು ಮೆಸ್ಕಾಂಗೆ ಹಣ ಕಟ್ಟಬೇಕಾಗುತ್ತದೆ. ಆ ಮೊತ್ತ ಕಾಮಗಾರಿಯ ಅಂದಾಜುಪಟ್ಟಿಯಲ್ಲಿ ಇದೆಯೇ ಎಂದು ಮೊದಲೇ ನೋಡಿ. ಇಲ್ಲದಿದ್ದರೆ ಅಗಲವಾದ ರಸ್ತೆಯ ನಡುವೆ ಕಂಬ ನಿಲ್ಲುತ್ತದೆ, ಅದರ ಹಿಂದೆ ಕಾರುಗಳು ನಿಲ್ಲುತ್ತವೆ, ಅಗಲ ಮಾಡಿದ್ದು ವ್ಯರ್ಥ.

ಎತ್ತರದ ವಿಷಯದಲ್ಲಿ ಎಡವಿದವರು ಬಹಳ. ಹಳೆ ಡಾಮರಿನ ಮೇಲೆಯೇ 20 ಸೆಂಟಿಮೀಟರ್ ಕಾಂಕ್ರೀಟ್ ಹಾಕಿದರೆ ರಸ್ತೆ ಅಷ್ಟು ಏರಿ, ಅಂಗಳ ತಗ್ಗಾಗಿ, ಮೊದಲ ಮಳೆಗೆ ನೀರು ಗೇಟಿನೊಳಗೆ. ಕೆಲಸ ಶುರುವಾಗುವ ಮೊದಲೇ ಪ್ರತಿ ಗೇಟಿನ ಕಂಬಕ್ಕೆ ಈಗಿನ ರಸ್ತೆಯ ಮಟ್ಟದ ಗೆರೆ ಬಳಿದು, ಹೊಸ ರಸ್ತೆಯ ಮಟ್ಟ ಎಲ್ಲಿಗೆ ಬರುತ್ತದೆಂದು ಎಂಜಿನಿಯರರಿಂದ ತೋರಿಸಿಕೊಳ್ಳಿ. ಕಾಂಕ್ರೀಟಿನ ಅಂಚಿಗೂ ಚರಂಡಿಗೂ ನಡುವೆ ಬರೀ ಮಣ್ಣು ತುಂಬಿದರೆ ಅದು ಜೂನಿನಲ್ಲೇ ತೋಡಿಗೆ ಹೋಗಿ, ಸ್ಕೂಟರು ಬೀಳುವಷ್ಟು ಆಳದ ಅಂಚು ಉಳಿಯುತ್ತದೆ. ಚರಂಡಿಯವರೆಗೆ ಇಂಟರ್‌ಲಾಕ್ ಅಥವಾ ಕಾಂಕ್ರೀಟ್ ಅಂದಾಜುಪಟ್ಟಿಯಲ್ಲೇ ಇರಲಿ. ಚಪ್ಪಡಿ ಮುಚ್ಚಿದ ಚರಂಡಿಯನ್ನೇ ನಡೆದಾರಿ ಮಾಡುವುದಿದ್ದರೆ ಅಡ್ಡಿಯಿಲ್ಲದ ಅಗಲ 1.8 ಮೀಟರ್ ಬೇಕೆಂದು ಐಆರ್‌ಸಿ 103 ಹೇಳುತ್ತದೆ.

ಕಾಂಕ್ರೀಟ್ ಹಾಕಿದ ಮರುದಿನದೊಳಗೆ ಸುಮಾರು 4.5 ಮೀಟರಿಗೊಂದು ಅಡ್ಡಗೆರೆ ಕೊರೆಯಬೇಕು. ತಡವಾದರೆ ಅದು ತನಗೆ ಬೇಕಾದಲ್ಲಿ ಬಿರುಕು ಬಿಡುತ್ತದೆ. ಕನಿಷ್ಠ 14 ದಿನ ಗೋಣಿ ಹೊದಿಸಿ ನೀರು ಹಿಡಿಯಬೇಕು. ಏಪ್ರಿಲ್ ಮೇ ತಿಂಗಳಲ್ಲಿ ನೀರಿಗೆ ತತ್ವಾರ, ಆಗಲೇ ಈ ಹಂತ ಜಾರುವುದು. ಟ್ಯಾಂಕರ್ ಬರುತ್ತಿದೆಯೇ ಎಂದು ದಿನವೂ ನೋಡಿ ಫೋಟೊ ತೆಗೆದಿಡಿ. ಆಮೇಲೆ ಪೈಪಿಗೋ ಕೇಬಲಿಗೋ ಅಗೆದರೆ ಮಣ್ಣನ್ನು ಒಮ್ಮೆಲೇ ತುಂಬದೆ 15ರಿಂದ 20 ಸೆಂಟಿಮೀಟರಿನ ಪದರಗಳಾಗಿ ಹಾಕಿ ದಮ್ಮಸ್ಸು ಮಾಡಿಸಬೇಕು. ಮಾಹಿತಿ ಹಕ್ಕು ಕಾಯ್ದೆಯ ಕಲಂ 2(ಜೆ) ಪ್ರಕಾರ ಕಾಮಗಾರಿ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ನಾಗರಿಕರಿಗಿದೆ. ಇದನ್ನು ಬಳಸುವವರು ತೀರಾ ಕಡಿಮೆ, ಬಳಸಬೇಕು.

ಪ್ರಶ್ನೆ: ಮನೆಗಳ ನಡುವಿನ ಜಾಗವನ್ನು ವಾಣಿಜ್ಯಕ್ಕೆ ಬದಲಾಯಿಸುತ್ತಾರೆಂಬ ಸುದ್ದಿ. ತಡೆಯಬಹುದೆ? (ಮಣ್ಣಗುಡ್ಡ)

ಉತ್ತರ: ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಕಲಂ 14-ಎ ಪ್ರಕಾರ ಭೂ ಉಪಯೋಗ ಬದಲಾವಣೆಯ ಪ್ರಸ್ತಾವವನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿ, ಸಾರ್ವಜನಿಕರ ಆಕ್ಷೇಪಕ್ಕೆ ಕನಿಷ್ಠ 15 ದಿನ ಕೊಡಬೇಕು. ಪ್ರಕಟಣೆಯಲ್ಲಿ ಸರ್ವೆ ನಂಬರ್ ಮಾತ್ರ ಇರುವುದರಿಂದ ಎಷ್ಟೋ ಮಂದಿಗೆ ಅದು ಪಕ್ಕದ ಜಾಗವೆಂದೇ ಗೊತ್ತಾಗುವುದಿಲ್ಲ. ನಿಮ್ಮ ಬಡಾವಣೆಯ ಸರ್ವೆ ನಂಬರುಗಳ ಪಟ್ಟಿ ಮಾಡಿ, ಪತ್ರಿಕೆಯ ಪ್ರಕಟಣೆ ನೋಡುವ ಕೆಲಸ ಒಬ್ಬ ಸದಸ್ಯರಿಗೆ ವಹಿಸಿ. ಆಕ್ಷೇಪದಲ್ಲಿ ರಸ್ತೆಯ ಅಗಲ, ಈಗಿನ ಪಾರ್ಕಿಂಗ್ ಎಣಿಕೆ, ಚರಂಡಿಯ ಗಾತ್ರ ಬರೆಯಿರಿ.

ಪ್ರಶ್ನೆ: ಉಡುಪಿ ಅಂಬಲಪಾಡಿಯಲ್ಲಿ ಪೊಲೀಸ್ ಆಯುಕ್ತರಿಲ್ಲ. ನಾವು ಯಾರನ್ನು ಕೇಳುವುದು?

ಉತ್ತರ: ಜಿಲ್ಲಾಧಿಕಾರಿಯವರನ್ನು. ಪ್ರತಿ ಪೊಲೀಸ್ ವರಿಷ್ಠಾಧಿಕಾರಿ ಮತ್ತು ನಗರಸಭೆಯ ಪೌರಾಯುಕ್ತರಿಗೆ. ಹೆದ್ದಾರಿ 66ರ ಸರ್ವಿಸ್ ರಸ್ತೆ, ಅದರ ಚರಂಡಿ, ದೀಪದ ವಿಷಯವಾದರೆ ಹೆದ್ದಾರಿ ಪ್ರಾಧಿಕಾರಕ್ಕೆ ಬರೆಯಬೇಕು, ನಗರಸಭೆಗೆ ಎಷ್ಟು ಬರೆದರೂ ಅವರು ಅಲ್ಲಿ ಕೈ ಹಾಕುವಂತಿಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಕೃಷ್ಣಮಠದ ಪರ್ಯಾಯೋತ್ಸವಕ್ಕೆ ಮಾಡುವ ತಾತ್ಕಾಲಿಕ ಪಾರ್ಕಿಂಗ್ ವ್ಯವಸ್ಥೆಯಲ್ಲಿ ನಿಮ್ಮ ರಸ್ತೆ ಸೇರುವುದಿದ್ದರೆ ಆಕ್ಷೇಪ, ಸಲಹೆ ನವೆಂಬರಿನಲ್ಲೇ ಕೊಡಿ.

ಪ್ರಶ್ನೆ: ವಾರ್ಡ್ ಸಮಿತಿಯಿಂದ ಏನಾದರೂ ಪ್ರಯೋಜನವಿದೆಯೆ? (ಶಕ್ತಿನಗರ)

ಉತ್ತರ: ಇದೆ, ಕಾಗದದ ಮೂಲಕ ಹೋದರೆ. ಮಂಗಳೂರು ಪಾಲಿಕೆಯಲ್ಲಿ 60 ವಾರ್ಡುಗಳು. ಮಹಾನಗರ ಪಾಲಿಕೆಗಳ ಕಾಯ್ದೆ 1976ರಂತೆ ಸಮಿತಿಗೆ ವಾರ್ಡಿನ ಕಾರ್ಪೊರೇಟರ್ ಅಧ್ಯಕ್ಷರು, 10 ಮಂದಿ ಸದಸ್ಯರು, ಅವರಲ್ಲಿ 3 ಮಹಿಳೆಯರು, ಪರಿಶಿಷ್ಟರಿಂದ 2, ನಿವಾಸಿಗಳ ಸಂಘಗಳಿಂದ 2. ಸಭೆಯಲ್ಲಿ ಎದ್ದು ನಿಂತು ಹೇಳಿದ್ದು ನಡಾವಳಿಯಲ್ಲಿ ಬಾರದಿದ್ದರೆ ಹೇಳದಂತೆಯೇ. ವಿಷಯವನ್ನು ಒಂದು ವಾರ ಮೊದಲು ಬರಹದಲ್ಲಿ ಕೊಟ್ಟು, ಸಭೆಯ ನಂತರ ನಡಾವಳಿಯ ಪ್ರತಿ ಪಡೆಯಿರಿ. ಕೆಲಸಕ್ಕೆ ಹಣ ಬೇಕಾದರೆ ಬೇಡಿಕೆ ಡಿಸೆಂಬರ್ ಒಳಗೆ ಹೋಗಬೇಕು, ಬಜೆಟ್ ಆದ ಮೇಲೆ ಮಾರ್ಚಿನಲ್ಲಿ ಕೇಳಿದರೆ ಒಂದು ವರ್ಷ ಕಾಯಬೇಕು. ಕೌನ್ಸಿಲ್ ಅವಧಿ ಮುಗಿದು ಆಡಳಿತಾಧಿಕಾರಿ ಇರುವ ಕಾಲದಲ್ಲಿ ಅದೇ ಪಟ್ಟಿಯನ್ನು ಪಾಲಿಕೆ ಆಯುಕ್ತರಿಗೆ ಕೊಡಿ.

ಪ್ರಶ್ನೆ: ನಮ್ಮ ಓಣಿಯಲ್ಲಿ ಗೃಹಪ್ರವೇಶ, ಮೆಹಂದಿ ಇದ್ದ ದಿನ ನೆಂಟರ ಕಾರುಗಳಿಂದ ಜಗಳ. ಸಂಘ ನಿಯಮ ಮಾಡಬಹುದೆ? (ಕುಲಶೇಖರ)

ಉತ್ತರ: ದಂಡ ಹಾಕುವ ಅಧಿಕಾರ ಸಂಘಕ್ಕಿಲ್ಲ, ಒಪ್ಪಂದ ಮಾಡಿಕೊಳ್ಳಬಹುದು. ಸಮಾರಂಭದ ಮನೆಯವರು ಒಂದು ವಾರ ಮೊದಲು ತಿಳಿಸುವುದು, ಹತ್ತಿರದ ಶಾಲೆಯ ಅಥವಾ ದೇವಸ್ಥಾನದ ಮೈದಾನಕ್ಕೆ ಅನುಮತಿಪತ್ರ ಪಡೆಯುವುದು, ಆಮಂತ್ರಣದ ಜೊತೆಗೇ ಪಾರ್ಕಿಂಗ್ ಜಾಗದ ಗುರುತು ಕಳಿಸುವುದು. ಓಣಿಯ ಬಾಯಿಯಲ್ಲಿ ಟಾರ್ಚ್ ಹಿಡಿದ ಇಬ್ಬರು ಹುಡುಗರು ಸಂಜೆ 6ರಿಂದ 10ರವರೆಗೆ ನಿಲ್ಲಲಿ, ನೆಂಟರು ಒಳಗೆ ನುಗ್ಗಿದ ಮೇಲೆ ಕಾರು ಹಿಂದೆ ತೆಗೆಸುವುದು ಯಾರಿಂದಲೂ ಆಗದ ಕೆಲಸ. ರಸ್ತೆಗೆ ಚಪ್ಪರ ಹಾಕುವುದಿದ್ದರೆ ಪಾಲಿಕೆ ಮತ್ತು ಪೊಲೀಸರ ಅನುಮತಿ ಬೇಕು. ಅನುಮತಿ ಸಿಕ್ಕಿದರೂ ಒಂದು ಬದಿಯಲ್ಲಿ ಅಗ್ನಿಶಾಮಕ ವಾಹನಕ್ಕೆಂದು ಮೇಲೆ ಹೇಳಿದ 3.5 ಮೀಟರ್ ಬಿಟ್ಟೇ ಕಂಬ ನೆಡಿಸಿ.